ಶಿರಹಟ್ಟಿ–ಕೊಪ್ಪಳ ಭಾಗದ ಮನೆತನದ ಇತಿಹಾಸ: ಮೊದಲು ಕಾರ್ಯಾಗಾರಕ್ಕೆ ಹೋಗಬೇಕೋ, ಪತ್ರಾಗಾರಕ್ಕೋ?

ಪ್ರಶ್ನೆ — ಬನ್ನಿಮರ

ಎಲ್ಲರಿಗೂ ನಮಸ್ಕಾರ. ನಮ್ಮದು ಗದಗ ಜಿಲ್ಲೆಯ ಶಿರಹಟ್ಟಿ ಭಾಗದ ಒಕ್ಕಲುತನದ ಮನೆತನ. ನೌಕರಿಯ ಸಲುವಾಗಿ ನಾನು ಬೆಂಗಳೂರಿನಲ್ಲಿದ್ದೇನೆ. ಮುತ್ತಜ್ಜನವರೆಗಿನ ಹೆಸರುಗಳು ಮನೆಯಲ್ಲಿ ಎಲ್ಲರಿಗೂ ಗೊತ್ತು, ಅದರ ಹಿಂದಿನದು ಮಸುಕಾಗಿದೆ. ನಮ್ಮ ಹಿರಿಯರು ಕೊಪ್ಪಳದ ಕಡೆಯಿಂದ ಧಾತು, ಈಶ್ವರ ಸಂವತ್ಸರಗಳಲ್ಲಿ ಬಿದ್ದ ಬರದ ಕಾಲಕ್ಕೆ ಗುಳೆ ಎದ್ದು ಬಂದವರೆಂದು ದೊಡ್ಡಮ್ಮ ಹೇಳುತ್ತಾರೆ. ಊರಿನ ಹೆಸರು ಮಾತ್ರ ಅವರಿಗೂ ನೆನಪಿಲ್ಲ. ಮನೆಯ ಟ್ರಂಕಿನಲ್ಲಿ ಹಳೆಯ ಧೋತರದ ತುಂಡಿನಲ್ಲಿ ಸುತ್ತಿಟ್ಟ ಕೆಲವು ಕಾಗದಗಳಿವೆ. ಮೇಲೆ ಛಾಪಾ (ಸರಕಾರಿ ಮುದ್ರೆ) ಇದೆ, ಅಕ್ಷರಗಳು ಮೋಡಿ ಎಂಬ ಹಳೆಯ ಕೂಡುಬರಹದ ಲಿಪಿಯಲ್ಲಿವೆ, ಕೆಳಗೆ ಸಹಿ ಇರಬೇಕಾದ ಜಾಗದಲ್ಲಿ ಸಣ್ಣದೊಂದು ನೇಗಿಲಿನ ಚಿತ್ರವಿದೆ. ಓದಬಲ್ಲವರು ಮನೆಯಲ್ಲಿ ಯಾರೂ ಇಲ್ಲ.

ಧಾರವಾಡದ ಕಾಲೇಜೊಂದರ ಇತಿಹಾಸ ವಿಭಾಗದವರು ಸ್ಥಳೀಯ ಇತಿಹಾಸ ಮತ್ತು ಹಳೆಯ ದಾಖಲೆಗಳ ಓದಿನ ಕುರಿತು ಕಾರ್ಯಾಗಾರ ನಡೆಸುತ್ತಿದ್ದಾರೆಂದು ತಿಳಿಯಿತು. ನನ್ನಂಥ ಇತಿಹಾಸ ಓದದವನಿಗೆ ಅದರಿಂದ ಪ್ರಯೋಜನವಾದೀತೇ? ಅಥವಾ ವಿಕಾಸಸೌಧದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ನೇರವಾಗಿ ಹೋಗಿ ನಮ್ಮ ಮನೆತನದ ಹೆಸರು ಹೇಳಿದರೆ ವಂಶಾವಳಿ ಸಿಗುತ್ತದೆಯೇ? ಅನುಭವವುಳ್ಳವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ — ದಫ್ತರ

ನಾನು ಕಂದಾಯ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಮೊದಲು ಒಂದು ಮಾತು ಸ್ಪಷ್ಟವಾಗಲಿ: ಯಾವ ಪತ್ರಾಗಾರದಲ್ಲೂ ಕಾಗದಗಳನ್ನು ಅಡ್ಡಹೆಸರಿನ ಪ್ರಕಾರ ಜೋಡಿಸಿರುವುದಿಲ್ಲ. ಇಲಾಖೆ, ವರ್ಷ ಮತ್ತು ವಿಷಯದ ಪ್ರಕಾರ ಕಡತಗಳಿರುತ್ತವೆ. ನಾಡಕಚೇರಿಯಲ್ಲಿ ಕೊಡುವ ವಂಶವೃಕ್ಷ ಪ್ರಮಾಣಪತ್ರ ವಾರಸುದಾರಿಕೆಗಾಗಿ ಇರುವಂಥದ್ದು. ನೀವು ಹೇಳಿದ್ದನ್ನೇ ಪರಿಶೀಲಿಸಿ ಬರೆದುಕೊಡುತ್ತಾರೆಯೇ ಹೊರತು ಗೊತ್ತಿಲ್ಲದ ಪೂರ್ವಜರನ್ನು ಅದು ಹುಡುಕಿಕೊಡುವುದಿಲ್ಲ. ಜನಗಣತಿಯ ಮನೆವಾರು ನಮೂನೆಗಳೂ ಸಾರ್ವಜನಿಕರಿಗೆ ತೆರೆದಿಲ್ಲವಾದ್ದರಿಂದ ಹೊರದೇಶಗಳವರು ಅನುಸರಿಸುವ ಆ ದಾರಿ ನಮಗೆ ಮುಚ್ಚಿದೆ.

ನಮ್ಮ ರೈತ ಮನೆತನಗಳ ಇತಿಹಾಸ ಇರುವುದು ಹೊಲದ ಸರ್ವೆ ನಂಬರಿನಲ್ಲಿ. ಇಂದಿನ ಉತಾರವನ್ನು (ಪಹಣಿಯನ್ನು) ಕೈಯಲ್ಲಿ ಹಿಡಿದು ಹಿಂದಕ್ಕೆ ನಡೆಯಿರಿ. ಭೂಮಿ ಯೋಜನೆಯಲ್ಲಿ ಗಣಕೀಕೃತ ಉತಾರಗಳು ಬಂದದ್ದು 2000ದ ಆಸುಪಾಸಿನಲ್ಲಿ. ಅದಕ್ಕೂ ಹಿಂದಿನ ಕೈಬರಹದ ಉತಾರಗಳು, ಹಕ್ಕು ಬದಲಾವಣೆಯ ನೋಂದಣಿಗಳು, ಮೋಜಣಿಯ (ಭೂಮಾಪನದ) ಟಿಪ್ಪಣಿ ಮತ್ತು ಹೊಲದ ವಿಸ್ತೀರ್ಣ, ಕಂದಾಯ ತೋರಿಸುವ ಆಕಾರಬಂದ್ ತಾಲ್ಲೂಕು ಕಚೇರಿಯ ಅಭಿಲೇಖಾಲಯದಲ್ಲಿ ಹಾಗೂ ಭೂಮಾಪನ ಇಲಾಖೆಯಲ್ಲಿ ಇರುತ್ತವೆ. ಈಚೆಗೆ ಭೂ ಸುರಕ್ಷಾ ಯೋಜನೆಯಡಿ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡುತ್ತಿರುವುದರಿಂದ ನಿಮ್ಮ ಊರಿನ ಕಾಗದಗಳು ಆ ಪಟ್ಟಿಯಲ್ಲಿ ಸೇರಿವೆಯೇ ಎಂದು ಮೊದಲು ವಿಚಾರಿಸಿ, ಆಮೇಲೆ ನಕಲಿಗೆ ಅರ್ಜಿ ಕೊಡಿ.

ವಾರಸಾ ನೋಂದಣಿಯನ್ನು ಅಕ್ಷರ ಬಿಡದೆ ಓದಬೇಕು. ಖಾತೆದಾರ ತೀರಿಕೊಂಡ ಮೇಲೆ ಹೊಲ ಯಾರಿಗೆ ಹೋಯಿತು, ಅವರು ಆತನಿಗೆ ಏನಾಗಬೇಕು, ಮಕ್ಕಳು ಅಜ್ಞಾನರಾಗಿದ್ದರೆ (ವಯಸ್ಸಿಗೆ ಬಾರದವರಾಗಿದ್ದರೆ) ಪಾಲನೆ ಮಾಡುವವರು ಯಾರು ಎಂಬುದೆಲ್ಲ ಆ ನಾಲ್ಕು ಸಾಲಿನಲ್ಲಿ ಬರುತ್ತದೆ. ಒಂದೇ ಸರ್ವೆ ನಂಬರು ಯಾವ ವರ್ಷ ಎಷ್ಟು ಹಿಸ್ಸೆ (ಪಾಲು) ಆಯಿತು ಎಂಬುದನ್ನು ನೋಡಿದರೆ ಅಣ್ಣತಮ್ಮಂದಿರು ಬೇರೆಯಾದ ಕಾಲ ಗೊತ್ತಾಗುತ್ತದೆ. ಖರೀದಿ ಪತ್ರ ಸಿಕ್ಕರೆ ಚಕ್ಕುಬಂದಿಯನ್ನು ತಪ್ಪದೆ ಬರೆದುಕೊಳ್ಳಿ. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಇಂಥವರ ಹೊಲ ಎಂದಿರುತ್ತದಲ್ಲ, ಆ ಬಾಜೂದವರು ಎಷ್ಟೋ ಸಲ ಬೇರೆಯಾದ ದಾಯಾದಿಗಳೇ ಆಗಿರುತ್ತಾರೆ. ಉಪನೋಂದಣಿ ಕಚೇರಿಯಲ್ಲಿ ನೋಂದಾಯಿತ ಪತ್ರಗಳಿಗೆ ವ್ಯಕ್ತಿಯ ಹೆಸರಿನದೊಂದು, ಆಸ್ತಿಯದೊಂದು ಎಂದು ಬೇರೆಬೇರೆ ಸೂಚಿಗಳಿವೆ, ಎರಡನ್ನೂ ಕೇಳಿ.

ಉತ್ತರ — ಧಾರವಾಡದ ಮಾಸ್ತರು

ದಫ್ತರ ಅವರು ಹೇಳಿದ ಕ್ರಮ ಸರಿಯಾಗಿದೆ. ಆದರೆ ಶಿರಹಟ್ಟಿಯ ಸಂಗತಿಯಲ್ಲಿ ಇನ್ನೊಂದು ತೊಡಕಿದೆ, ಅದನ್ನು ಬಿಡಿಸಿಕೊಳ್ಳದೆ ನೀವು ಯಾವ ಪತ್ರಾಗಾರಕ್ಕೆ ಹೋದರೂ ದಣಿವೇ ಹೆಚ್ಚು. ಗದಗ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮೊದಲು ಧಾರವಾಡ ಜಿಲ್ಲೆ. ಗದಗ ಪಟ್ಟಣ ಬ್ರಿಟಿಷರ ಮುಂಬಯಿ ಪ್ರಾಂತದಲ್ಲಿದ್ದಾಗ ಶಿರಹಟ್ಟಿ ಸಾಂಗಲಿ ಸಂಸ್ಥಾನದಲ್ಲಿತ್ತು, ಅದರ ಮಗ್ಗುಲಿನ ಲಕ್ಷ್ಮೇಶ್ವರ ಮಿರಜದ ಪಟವರ್ಧನರದ್ದಾಗಿತ್ತು, ಕೊಪ್ಪಳ ಹೈದರಾಬಾದು ಸಂಸ್ಥಾನದೊಳಗೆ ಸಾಲಾರ್‌ ಜಂಗರ ಜಾಗೀರಾಗಿತ್ತು. ಒಂದು ದಿನದ ಚಕ್ಕಡಿ ಪ್ರಯಾಣದಲ್ಲಿ ಎರಡು ಮೂರು ಸರಕಾರಗಳ ಸೀಮೆ ದಾಟಬಹುದಾಗಿತ್ತು. ಸಾಂಗಲಿ, ಮಿರಜಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದದ್ದು 1948ರ ಮಾರ್ಚಿನಲ್ಲಿ. ನಿಮ್ಮ ಹಳ್ಳಿ 1948ಕ್ಕೆ ಮುಂಚೆ ಯಾರ ಕೈಯಲ್ಲಿತ್ತು ಎಂಬುದೇ ನಿಮ್ಮ ಮೊದಲ ಪ್ರಶ್ನೆಯಾಗಬೇಕು. ಜಿಲ್ಲೆಯ ಹಳೆಯ ಗೆಜೆಟಿಯರು ಇದಕ್ಕೆ ನೆರವಾಗುತ್ತದೆ. ಹಳ್ಳಿ ಬ್ರಿಟಿಷರದ್ದಾಗಿದ್ದರೆ 1840ರ ದಶಕದಲ್ಲಿ ಬ್ರಿಟಿಷ್ ಅಧಿಕಾರಿ ವಿಂಗೇಟ್ ನಡೆಸಿದ ಮೋಜಣಿಯವರೆಗೂ ಹಿಂದೆ ಹೋಗುವ ಆಶೆ ಇಟ್ಟುಕೊಳ್ಳಬಹುದು. 1818ಕ್ಕೆ ಹಿಂದಿನ ಮರಾಠರ ಕಾಲದ ಕಾಗದಗಳು ಬೇಕಾದರೆ ಪುಣೆಯಲ್ಲಿರುವ ಪೇಶ್ವೆಗಳ ಆಡಳಿತದ ಕಾಗದಗಳ ಸಂಗ್ರಹವಾದ ಪೇಶ್ವೆ ದಫ್ತರದ ಕಡೆಗೇ ಮುಖ ಮಾಡಬೇಕು.

ಇನ್ನು ಕಾರ್ಯಾಗಾರದ ವಿಷಯ. ದಯವಿಟ್ಟು ಹೋಗಿ, ಪತ್ರಾಗಾರಕ್ಕೆ ಹೋಗುವ ಮುಂಚೆಯೇ ಹೋಗಿ. ಮೋಡಿಯನ್ನು ಪುಸ್ತಕ ನೋಡಿ ಕಲಿಯುವುದು ಬಹಳ ಕಷ್ಟ, ಏಕೆಂದರೆ ಲೇಖಣಿ ಎತ್ತದೆ ಬರೆಯುವ ಲಿಪಿಯಲ್ಲಿ ಪ್ರತಿ ಕುಲಕರ್ಣಿಯ ಕೈ ಬೇರೆ. ತಿಳಿದವರು ಪಕ್ಕದಲ್ಲಿ ಕುಳಿತು, ಇದು ತಾರೀಖು, ಇದು ಬರೆಸಿಕೊಂಡವನ ಹೆಸರು, ಇದು ಸಾಕ್ಷಿ ಎಂದು ಬೆರಳಿಟ್ಟು ತೋರಿಸಿದಾಗ ಕಾಗದದ ಅಂಗರಚನೆ ಒಮ್ಮೆಗೇ ತಿಳಿಯುತ್ತದೆ. ಎಲ್ಲ ಪತ್ರಗಳೂ ಹೆಚ್ಚುಕಡಿಮೆ ಒಂದೇ ಸಾಚೆಯವು, ಹಾಗಾಗಿ ಒಂದನ್ನು ಬಿಡಿಸಿದರೆ ಹತ್ತನ್ನು ಓದಬಹುದು. ನಾನು ಪಾಠ ಹೇಳುವಾಗ ಪ್ರತಿಯೊಬ್ಬರೂ ತಮ್ಮ ಮನೆಯ ಕಾಗದದ ಫೋಟೋ ತರಬೇಕೆಂದು ಕೇಳುತ್ತೇನೆ. ತನ್ನ ಮುತ್ತಜ್ಜನ ಹೆಸರನ್ನು ತಾನೇ ಕೂಡಿಸಿ ಓದಿದವರು ಆಮೇಲೆ ಕಲಿಯುವುದನ್ನು ಬಿಡುವುದಿಲ್ಲ.

ನಿಮ್ಮ ಪತ್ರದ ನೇಗಿಲು ಬರೀ ಅಲಂಕಾರವಲ್ಲ. ಅಕ್ಷರ ಬಾರದ ಒಕ್ಕಲಿಗ ಹಾಕುತ್ತಿದ್ದ ನಿಶಾನಿ ಅದು. ಹೆಂಗಸರ ಹೆಸರಿನ ಮುಂದೆ ಬಳೆಯ ನಿಶಾನಿ ಇರುತ್ತಿತ್ತು. ಅದರ ಪಕ್ಕದಲ್ಲಿ ಬರೆದವರು ಅವರ ಹೆಸರನ್ನು ಸೇರಿಸಿರುತ್ತಾರೆ, ಮೊದಲು ಅದನ್ನೇ ಓದಿಸಿ. ತಾರೀಖು ಶಕೆಯಲ್ಲಿದ್ದರೆ ಇಸವಿಗಾಗಿ 78 ಕೂಡಿಸಬೇಕು. ಮರಾಠರ ಕಾಗದಗಳಲ್ಲಿ ಬರುವ ಸುಹೂರ್ ಸನ್ ಎಂಬ ವರ್ಷಗಣನೆ ಇದ್ದರೆ ತಿಂಗಳು ನೋಡಿ 599 ಅಥವಾ 600 ಕೂಡಿಸಬೇಕು. ಸಂವತ್ಸರದ ಹೆಸರೊಂದೇ ಇದ್ದರೆ ಎಚ್ಚರ ಬೇಕು: ಧಾತು 1876–77ರಲ್ಲೂ ಬಂದಿತ್ತು, 1936–37ರಲ್ಲೂ ಬಂದಿತ್ತು. ಬರದ ನೆನಪು ಮಾತ್ರ 1876–78ರದ್ದೇ.

ಉತ್ತರ — ಮುಯ್ಯಿ ಪಟ್ಟಿ

ನಾನು ವಿಜಯಪುರದ ಕಡೆಯವಳು. ಕಚೇರಿಗಳ ಬಗ್ಗೆ ಇಬ್ಬರೂ ಹಿರಿಯರು ಚೆನ್ನಾಗಿ ಬರೆದಿದ್ದಾರೆ, ಆದರೆ ಊರೇ ಗೊತ್ತಿಲ್ಲದಿರುವಾಗ ಕಚೇರಿಯಲ್ಲಿ ಏನನ್ನು ಕೇಳುವುದು? ನಿಮ್ಮ ಮನೆಗೆ ಹೆಳವರು ಬರುತ್ತಿದ್ದರೇ ಎಂದು ದೊಡ್ಡಮ್ಮನವರನ್ನು ಕೇಳಿ ನೋಡಿ. ಸುಗ್ಗಿಯ ಮೇಲೆ ಎತ್ತು ಸಿಂಗರಿಸಿಕೊಂಡು ಬಂದು, ಮನೆತನದ ಮೂಲ ಊರು, ಬೆಡಗು (ಕುಲದೊಳಗಿನ ಬಳಿ), ಮನೆದೇವರು, ತಲೆಮಾರುಗಳ ಹೆಸರು ಹೇಳಿ, ಕಾಳು ಬಟ್ಟೆ ಪಡೆದು, ಹೊಸದಾಗಿ ಹುಟ್ಟಿದವರ ಹೆಸರನ್ನು ಬರೆದುಕೊಂಡು ಹೋಗುವವರು ಅವರು. ಒಂದೊಂದು ಹೆಳವರ ಮನೆತನಕ್ಕೆ ಇಂತಿಷ್ಟು ಊರುಗಳ ಒಕ್ಕಲು ಎಂದು ಗೊತ್ತಾಗಿರುತ್ತದೆ. ನಿಮ್ಮ ಊರಿನ ಬೇರೆ ಮನೆಗಳಿಗೆ ಯಾರು ಬರುತ್ತಾರೆಂದು ವಿಚಾರಿಸಿದರೆ ಅವರ ಠಿಕಾಣಿ ಸಿಗುತ್ತದೆ. ಗುಳೆ ಹೋದವರ ಮೂಲ ಊರನ್ನು ಅವರಷ್ಟು ನಿಖರವಾಗಿ ಹೇಳಬಲ್ಲವರು ಬೇರೆ ಇಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ. ಇಸವಿಗಳನ್ನು ಮಾತ್ರ ಅವರ ಮಾತಿನ ಮೇಲೆ ನಿರ್ಧರಿಸದೆ ಕಾಗದದೊಂದಿಗೆ ತಾಳೆ ನೋಡಬೇಕು. ಅವರ ಕಾಣಿಕೆಯನ್ನು ಗೌರವದಿಂದ ಕೊಡಿ, ಅದು ಅವರ ವೃತ್ತಿ.

ಇನ್ನೊಂದು ಕೋರಿಕೆ. ಉತಾರ ಹಿಡಿದು ಹಿಂದೆ ಹೋದರೆ ಗಂಡಸರ ಸಾಲೇ ಸಿಗುತ್ತದೆ. ಕೊಟ್ಟ ಹೆಣ್ಣುಮಕ್ಕಳು, ತಂದ ಸೊಸೆಯರು ಎಲ್ಲಿಯೂ ಕಾಣುವುದಿಲ್ಲ. ಅವರನ್ನು ಹುಡುಕಬೇಕಾದರೆ ಹಕ್ಕುಬಿಟ್ಟ ಪತ್ರ, ದಾನಪತ್ರ ಮತ್ತು ವಿಧವೆಯರ ಅನ್ನವಸ್ತ್ರದ (ಜೀವನಾಂಶದ) ದಾವೆಗಳನ್ನು ನೋಡಬೇಕು. ಅದಕ್ಕಿಂತ ಸುಲಭವಾದದ್ದು ಮನೆಯಲ್ಲೇ ಇರುತ್ತದೆ: ಮದುವೆಗಳ ಮುಯ್ಯಿ (ಉಡುಗೊರೆ) ಪಟ್ಟಿ. ನಮ್ಮ ಅಜ್ಜಿಯ ಮದುವೆಯ ಪಟ್ಟಿಯಲ್ಲಿ ಪ್ರತಿ ಹೆಸರಿನ ಮುಂದೆ ಊರು, ಕೊಟ್ಟ ಕುಪ್ಪಸ, ಒಂದು ರೂಪಾಯಿ ಎಂದು ಬರೆದಿದ್ದು, ಸೋದರಮಾವಂದಿರ ಊರುಗಳು ಅದರಿಂದಲೇ ತಿಳಿದವು.

ಉತ್ತರ — ಫಸಲಿ

ಹೆಳವರಿಂದ ಊರಿನ ಹೆಸರು ಸಿಕ್ಕ ಮೇಲೆ ಕೊಪ್ಪಳದ ಕಡೆಯ ಕೆಲಸಕ್ಕೆ ನನ್ನ ಮಾತು ಉಪಯೋಗವಾದೀತು. ಅಲ್ಲಿಯ ಹಳೆಯ ದಾಖಲೆಗಳು ಉರ್ದುವಿನಲ್ಲಿವೆ, ವರ್ಷಗಳು ಫಸಲಿಯಲ್ಲಿವೆ, ಅಂದರೆ ಕಂದಾಯದ ಲೆಕ್ಕಕ್ಕೆ ಬಳಸುತ್ತಿದ್ದ ವರ್ಷಗಣನೆಯಲ್ಲಿ. 590 ಕೂಡಿಸಿದರೆ ಇಸವಿ ಬರುತ್ತದೆ, ಅಂದರೆ 1357 ಫಸಲಿ ಎಂದರೆ 1947ರ ಅಕ್ಟೋಬರಿನಿಂದ ಸುರುವಾಗುವ ವರ್ಷ. ತಾಲ್ಲೂಕು ಕಚೇರಿಯಲ್ಲಿ ಸೇತ್ವಾರ್ (ಮೋಜಣಿಯ ಮೂಲ ನೋಂದಣಿ ಪುಸ್ತಕ) ಮತ್ತು 1954–55ರ ಖಾಸ್ರಾ ಪಹಣಿ (ಹೊಲವಾರು ಪಹಣಿ) ಕೇಳಿ. ಊರು ಬಿಟ್ಟು ಹೋದವರ ಹೆಸರು ಅವುಗಳಲ್ಲಿ ಇರುವುದಿಲ್ಲ, ಆದರೆ ಅಲ್ಲಿಯೇ ಉಳಿದ ದಾಯಾದಿಗಳ ಹೆಸರು ಇರುತ್ತದೆ, ನೀವು ಹುಡುಕಬೇಕಾದದ್ದು ಅವರನ್ನೇ. ಸಂಸ್ಥಾನದ ಕಾಲದ ಮೇಲಿನ ಹಂತದ ಕಡತಗಳು ಹೈದರಾಬಾದಿನ ತಾರ್ನಾಕದಲ್ಲಿರುವ ತೆಲಂಗಾಣ ರಾಜ್ಯ ಪತ್ರಾಗಾರದಲ್ಲಿವೆ. ಅಲ್ಲಿಗೆ ಹೋಗುವುದು ಕೊನೆಯ ಹೆಜ್ಜೆಯಾಗಲಿ.

ಬನ್ನಿಮರ

ಎಲ್ಲರಿಗೂ ಅನಂತ ಧನ್ಯವಾದಗಳು. ದೊಡ್ಡಮ್ಮನಿಗೆ ಫೋನು ಮಾಡಿ ಕೇಳಿದೆ. ಅವರು ಸೊಸೆಯಾಗಿ ಬಂದ ಹೊಸದರಲ್ಲಿ ಹೆಳವರು ಬಂದು ಅಂಗಳದಲ್ಲಿ ಕುಳಿತು ಹೆಸರು ಹೇಳಿದ್ದು ಅವರಿಗೆ ನೆನಪಿದೆ. ಕಾರ್ಯಾಗಾರಕ್ಕೆ ಹೆಸರು ನೋಂದಾಯಿಸಿದ್ದೇನೆ. ಕಾಗದಗಳು ಮಡಿಕೆಯಲ್ಲಿ ಹರಿಯುತ್ತಿವೆ, ಲ್ಯಾಮಿನೇಶನ್ ಮಾಡಿಸಿ ಒಯ್ಯಲೇ?

ದಫ್ತರ

ಬೇಡ, ಖಂಡಿತ ಬೇಡ. ಲ್ಯಾಮಿನೇಶನ್ ಮಾಡಿದ ಕಾಗದವನ್ನು ಮುಂದೆ ಯಾರೂ ಬಿಡಿಸಿ ದುರಸ್ತಿ ಮಾಡಲಾರರು; ಸೆಲ್ಲೋಟೇಪ್ ಕೂಡ ಹಚ್ಚಬೇಡಿ, ಅದರ ಅಂಟು ಮಸಿಯನ್ನು ತಿನ್ನುತ್ತದೆ. ಮಡಿಕೆ ಬಿಚ್ಚಿ, ತೆಳುವಾದ ಬಿಳಿ ಹತ್ತಿ ಬಟ್ಟೆಯ ನಡುವೆ ಚಪ್ಪಟೆಯಾಗಿಟ್ಟು, ಕಿಟಕಿಯ ಬೆಳಕಿನಲ್ಲಿ ಎರಡೂ ಬದಿಯ ಫೋಟೋ ತೆಗೆಯಿರಿ. ಹಿಂಬದಿಯಲ್ಲಿ ಛಾಪಾ ಕಾಗದ ಯಾರ ಹೆಸರಿನಲ್ಲಿ, ಯಾವ ಊರಿನಲ್ಲಿ ಕೊಂಡದ್ದೆಂಬ ಬರಹವಿದ್ದರೆ ಅದನ್ನು ಮಾಸ್ತರರಿಗೆ ಮೊದಲು ತೋರಿಸಿ.