ಸಹಾಯ ಬೇಕು: ಹಾಸನದಿಂದ ಒಂದು ದಿನಕ್ಕೆ ಬೆಂಗಳೂರು ಪ್ರೈಡ್‌ಗೆ

ನಮಸ್ಕಾರ. ನವೆಂಬರ್‌ನ ಪ್ರೈಡ್ ನಡಿಗೆಗೆ, ಅಂದರೆ ಸಲಿಂಗಿಗಳು, ಟ್ರಾನ್ಸ್‌ಜೆಂಡರ್‌ಗಳು ಸೇರಿ ಮಾಡುವ ಮೆರವಣಿಗೆಗೆ, ಮೊದಲ ಸಲ ಬರುತ್ತಿದ್ದೇನೆ. 2008ರಿಂದ ನಡೆಯುತ್ತಿದೆ, 2018ರಲ್ಲಿ ಸುಪ್ರೀಂ ಕೋರ್ಟು ಸಲಿಂಗ ಸಂಬಂಧ ಅಪರಾಧವಲ್ಲ ಅಂತ ಸೆಕ್ಷನ್ 377ರ ತೀರ್ಪು ಕೊಟ್ಟಾಗ ಮನೆಯಲ್ಲಿ ಟಿವಿ ಸೌಂಡ್ ಪೂರ್ತಿ ಕಡಿಮೆ ಮಾಡಿ ನೋಡಿದವನು ನಾನು, ಇನ್ನೂ ಒಮ್ಮೆಯೂ ಹೋಗಿಲ್ಲ. ಮನೆಯಲ್ಲಿ ಗೆಳೆಯನ ಮದುವೆ ಅಂತ ಹೇಳಿದ್ದೇನೆ. ಅಮ್ಮ ಪಾಪ, ಬಿಳಿ ಶರ್ಟಿಗೆ ಈಗಲೇ ಇಸ್ತ್ರಿ ಮಾಡಿಟ್ಟಿದ್ದಾರೆ! ಬೆಳಗಿನ ಬಸ್ಸಿಗೆ ಹೊರಟು ಮೆಜೆಸ್ಟಿಕ್‌ನಲ್ಲಿ ಇಳಿಯುತ್ತೇನೆ, ರಾತ್ರಿ ವಾಪಸ್. ಬ್ಯಾಗ್ ಎಲ್ಲಿಡಲಿ? ಒಬ್ಬರೇ ಬಂದವರು ಯಾರ ಜೊತೆ ಸೇರಿಕೊಳ್ಳುತ್ತಾರೆ? ಜಾಸ್ತಿ ಭಯ ಇರುವುದು ಫೋಟೊದ್ದು. ಪೇಪರ್‌ನಲ್ಲಿ ಮುಖ ಬಂದರೆ ನಮ್ಮೂರಲ್ಲಿ ಗೊತ್ತಲ್ವಾ, ಮಧ್ಯಾಹ್ನದೊಳಗೆ ಇಡೀ ಬೀದಿಗೆ ಸುದ್ದಿ. ಮಾಸ್ಕ್ ಹಾಕಿಕೊಂಡು ನಡೆದರೆ ಯಾರಾದರೂ ಏನಾದರೂ ಅಂದುಕೊಳ್ಳುತ್ತಾರಾ? ಹೋಗಿಬಂದವರು ಸ್ವಲ್ಪ ಹೇಳಿ, ಇಲ್ಲಿ ಬರೆಯಲು ಆಗದವರು ಮೆಸೇಜ್ ಮಾಡಿ.