ಎರಡರ ಹೆಸರೂ ಐ7-13700, ಆದರೂ ಲ್ಯಾಪ್‌ಟಾಪ್ ಯಾಕೆ ಹಿಂದೆ ಬೀಳುತ್ತದೆ?

ಬಿಲ್ಡ್‌ಗೆ_ಕಾಯುವವ:
ಲ್ಯಾಪ್‌ಟಾಪಿನಲ್ಲಿ ಐ7-13700ಎಚ್, ಡೆಸ್ಕ್‌ಟಾಪಿನಲ್ಲಿ ಐ7-13700. ಟರ್ಬೊ (ಸ್ವಲ್ಪ ಹೊತ್ತಿನ ಗರಿಷ್ಠ) ವೇಗ 5.0 ಮತ್ತು 5.2 ಗಿಗಾಹರ್ಟ್ಸ್, ಅಂದರೆ ಹೆಚ್ಚುಕಮ್ಮಿ ಒಂದೇ. ಬ್ರೌಸರ್, ಸ್ಪ್ರೆಡ್‌ಶೀಟ್, ಸಣ್ಣಪುಟ್ಟ ಬಿಲ್ಡ್‌ಗಳಲ್ಲಿ ವ್ಯತ್ಯಾಸ ಗೊತ್ತೇ ಆಗಲ್ಲ. ಬ್ಲೆಂಡರ್ ರೆಂಡರ್ ಅಥವಾ ಅರ್ಧ ಗಂಟೆಯ ಕಂಪೈಲ್ ಹಾಕಿದರೆ ಮಾತ್ರ ಲ್ಯಾಪ್‌ಟಾಪ್ ಮೊದಲ ಅರ್ಧ ನಿಮಿಷ ಚೆನ್ನಾಗಿ ಓಡಿ ಆಮೇಲೆ ಏದುಸಿರು ಬಿಡುತ್ತದೆ. ಚಿಪ್ಪೇ ಹಾಗಾ, ಇಲ್ಲ ಏನಾದರೂ ಕೆಟ್ಟಿದೆಯಾ? ಎರಡನ್ನೂ ಸರಿಯಾಗಿ ಹೋಲಿಸೋದು ಹೇಗೆ?

ವ್ಯಾಟ್‌ಲೆಕ್ಕ:
ಮೊದಲನೆಯದಾಗಿ, ಹೆಸರು ನಂಬಬೇಡಿ, ಅವೆರಡೂ ಒಂದೇ ಚಿಪ್ ಅಲ್ಲ. 13700ಎಚ್‌ನಲ್ಲಿ 6 ಪಿ-ಕೋರ್ (ವೇಗದ ದೊಡ್ಡ ಕೋರ್), 8 ಇ-ಕೋರ್ (ಕಮ್ಮಿ ವಿದ್ಯುತ್ ತಿನ್ನುವ ಸಣ್ಣ ಕೋರ್), 24 ಎಂಬಿ ಎಲ್3 ಕ್ಯಾಶ್ (ಚಿಪ್ಪಿನೊಳಗಿನ ವೇಗದ ಮೆಮೊರಿ). ಡೆಸ್ಕ್‌ಟಾಪ್ 13700ರಲ್ಲಿ 8 ಪಿ-ಕೋರ್, 8 ಇ-ಕೋರ್, 30 ಎಂಬಿ. ಐ7-1355ಯು ತಗೊಂಡರೆ ಪಿ-ಕೋರ್ ಬರೀ 2. ಅದರ ಮೇಲೂ 5.0 ಗಿಗಾಹರ್ಟ್ಸ್ ಎಂದೇ ಬರೆದಿರುತ್ತದೆ!

ಆ 5.0 ಸಿಗೋದು ಒಂದೆರಡು ಕೋರ್ ಕೆಲಸ ಮಾಡುವಾಗ. ಅದಕ್ಕೇ ಬ್ರೌಸರಿನಲ್ಲಿ ನಿಮಗೆ ವ್ಯತ್ಯಾಸ ಕಾಣದಿರುವುದು. ಎಲ್ಲ ಕೋರ್‌ಗಳೂ ದುಡಿಯಲು ಶುರು ಮಾಡಿದ ಮೇಲೆ ವೇಗ ತೀರ್ಮಾನಿಸುವುದು ವ್ಯಾಟ್. 13700ಎಚ್‌ನ ಮೂಲ ಶಕ್ತಿ 45 ವ್ಯಾಟ್, ಟರ್ಬೊದಲ್ಲಿ ಗರಿಷ್ಠ 115. ಡೆಸ್ಕ್‌ಟಾಪಿನದು 65 ಮತ್ತು 219. ಟರ್ಬೊ ಮಿತಿಯನ್ನು ಪಿಎಲ್2 ಅಂತಾರೆ, ದೀರ್ಘಕಾಲದ ಮಿತಿಯನ್ನು ಪಿಎಲ್1. ಪಿಎಲ್2ರಲ್ಲಿ ಎಷ್ಟು ಹೊತ್ತು ಇರಬಹುದು ಅನ್ನುವುದಕ್ಕೂ ಒಂದು ಗಡುವು ಇರುತ್ತದೆ, ಸಾಮಾನ್ಯವಾಗಿ 28 ಅಥವಾ 56 ಸೆಕೆಂಡ್. ನಿಮ್ಮ 'ಮೊದಲ ಅರ್ಧ ನಿಮಿಷ' ಬಹುಮಟ್ಟಿಗೆ ಇದೇ. ಏನೂ ಕೆಟ್ಟಿರಲಿಕ್ಕಿಲ್ಲ.

ಹಾಗಂತ ವ್ಯಾಟ್ ಅರ್ಧವಾದರೆ ಕೆಲಸವೂ ಅರ್ಧವಾಗಲ್ಲ. ಶಕ್ತಿ ವೇಗಕ್ಕೆ ತಕ್ಕಂತೆ ಏರುತ್ತದೆ, ವೋಲ್ಟೇಜಿನ ವರ್ಗಕ್ಕೂ ತಕ್ಕಂತೆ ಏರುತ್ತದೆ. ವೇಗ ಶೇ. 20, ವೋಲ್ಟೇಜ್ ಶೇ. 15 ಇಳಿಸಿದರೆ 0.8 × 0.85 × 0.85, ಅಂದರೆ ಮೊದಲಿನ ಶಕ್ತಿಯ ಶೇ. 58ರಲ್ಲೇ ಕೆಲಸ ನಡೆಯುತ್ತದೆ. ಡೆಸ್ಕ್‌ಟಾಪಿನ ಕೊನೆಯ ನೂರು ವ್ಯಾಟ್ ತಂದುಕೊಡುವ ಲಾಭ ತೀರಾ ಕಮ್ಮಿ.

ಫ್ಯಾನ್‌ಸದ್ದು:
ಹೋಲಿಸೋ ವಿಧಾನ ಹೇಳ್ತೀನಿ. ಎರಡರಲ್ಲೂ ಎಚ್‌ಡಬ್ಲ್ಯುಇನ್ಫೋ (ತಾಪ, ವ್ಯಾಟ್ ತೋರಿಸುವ ತಂತ್ರಾಂಶ) ತೆರೆದು 'ಸೆನ್ಸರ್ಸ್ ಓನ್ಲಿ' ಆರಿಸಿ. ಲ್ಯಾಪ್‌ಟಾಪ್ ತನ್ನದೇ ಚಾರ್ಜರಿನಲ್ಲಿರಲಿ. 65 ವ್ಯಾಟಿನ ಯುಎಸ್‌ಬಿ-ಸಿ ಚಾರ್ಜರ್ ಹಾಕಿದರೆ ಫರ್ಮ್‌ವೇರೇ ಮಿತಿ ಇಳಿಸಿಬಿಡುತ್ತದೆ, ಬ್ಯಾಟರಿಯಲ್ಲೂ ಅದೇ ಕಥೆ. ತಯಾರಕರ ಆ್ಯಪ್‌ನಲ್ಲಿ 'ಪರ್ಫಾರ್ಮೆನ್ಸ್' ಮೋಡ್ ಹಾಕಿ. ಪಿಎಲ್1 ಬದಲಾಗುವುದು ಹೆಚ್ಚಾಗಿ ಅಲ್ಲೇ, ವಿಂಡೋಸ್ ಸೆಟ್ಟಿಂಗಿನಲ್ಲಲ್ಲ.

ಆಮೇಲೆ ಸಿನಿಬೆಂಚ್ ಆರ್23 (ಪ್ರೊಸೆಸರ್ ವೇಗ ಅಳೆಯುವ ಪರೀಕ್ಷೆ) ಮಲ್ಟಿ-ಕೋರ್ ಅನ್ನು 10 ನಿಮಿಷ ಓಡಿಸಿ. 20ನೇ ಸೆಕೆಂಡಿನಲ್ಲಿ ಒಮ್ಮೆ, 8ನೇ ನಿಮಿಷದಲ್ಲಿ ಒಮ್ಮೆ ಪ್ಯಾಕೇಜ್ ಪವರ್ (ಇಡೀ ಚಿಪ್ ತಿನ್ನುವ ವ್ಯಾಟ್), ತಾಪಮಾನ, ಎಫೆಕ್ಟಿವ್ ಕ್ಲಾಕ್ (ನಿಜಕ್ಕೂ ಸಿಗುವ ಸರಾಸರಿ ವೇಗ) ಬರೆದುಕೊಳ್ಳಿ. ಒಂದೇ ಸುತ್ತಿನ ಅಂಕ ನೋಡಿ ತೀರ್ಮಾನಿಸಿದರೆ ಲ್ಯಾಪ್‌ಟಾಪಿಗೆ ಸುಮ್ಮನೆ ಹೊಗಳಿಕೆ ಸಿಗುತ್ತದೆ, ಅಷ್ಟೇ. ಲಿನಕ್ಸ್ ಆದರೆ ರೂಟ್ ಆಗಿ ಟರ್ಬೊಸ್ಟ್ಯಾಟ್ ಓಡಿಸಿ, ವ್ಯಾಟ್ ಅಂಕಣ ಅದರಲ್ಲೇ ಬರುತ್ತದೆ.

8ನೇ ನಿಮಿಷದಲ್ಲಿ ತಾಪ 80ರ ಆಸುಪಾಸು ಇದ್ದು 'ಪವರ್ ಲಿಮಿಟ್' ಮಾತ್ರ 'ಯೆಸ್' ತೋರಿಸಿದರೆ ಅದು ತಯಾರಕರು ಇಟ್ಟ ಮಿತಿ, ಚಿಪ್ ಮತ್ತು ಹೀಟ್‌ಸಿಂಕ್ ನಡುವಿನ ಪೇಸ್ಟ್ ಬದಲಿಸಿದರೂ ಏನೂ ಆಗಲ್ಲ. ತಾಪ 100 ಮುಟ್ಟಿ 'ಥರ್ಮಲ್ ಥ್ರಾಟ್ಲಿಂಗ್' 'ಯೆಸ್' ಆಗಿ, ಪವರ್ ಪಿಎಲ್1ಗಿಂತ ಕೆಳಗಿದ್ದರೆ ತೊಂದರೆ ಕೂಲಿಂಗಿನದು. ಆಗ ಮೊದಲು ಹೀಟ್‌ಸಿಂಕ್ ರೆಕ್ಕೆಗಳ ಧೂಳು ತೆಗೆಯಿರಿ, ಹಿಂಭಾಗವನ್ನು ಒಂದೆರಡು ಸೆಂಟಿಮೀಟರ್ ಎತ್ತಿಡಿ. ಅದಕ್ಕೂ ಬಗ್ಗದಿದ್ದರೆ ಪೇಸ್ಟ್. ಲ್ಯಾಪ್‌ಟಾಪ್ ಚಿಪ್ ಮೇಲೆ ಲೋಹದ ಮುಚ್ಚಳ ಇರಲ್ಲ, ಬಿಸಿ-ತಣ್ಣಗಾಗುತ್ತಾ ತೆಳು ಪೇಸ್ಟ್ ಅಂಚಿಗೆ ಜಾರಿಬಿಡುತ್ತದೆ. ದಪ್ಪ ಪೇಸ್ಟ್ ಅಥವಾ ಪಿಟಿಎಂ7950 ತರಹದ ಫೇಸ್ ಚೇಂಜ್ (ಬಿಸಿಗೆ ಮೆತ್ತಗಾಗುವ) ಶೀಟ್ ಬಾಳಿಕೆ ಬರುತ್ತದೆ.

ಹಳೇ_ಕ್ಯಾಬಿನೆಟ್:
ಮೇಲಿನ ಇಬ್ಬರೂ ಡೆಸ್ಕ್‌ಟಾಪನ್ನು ಸ್ವಲ್ಪ ಅಟ್ಟಕ್ಕೇರಿಸಿದ್ದಾರೆ. ಸಣ್ಣ ಡಬ್ಬಿಯ ರೆಡಿಮೇಡ್ ಡೆಸ್ಕ್‌ಟಾಪ್‌ಗಳು ಪಿಎಲ್1 ಅನ್ನು 65ಕ್ಕೇ ಕಟ್ಟಿಹಾಕಿರುತ್ತವೆ. ದಪ್ಪ ಮೈಯ ಲ್ಯಾಪ್‌ಟಾಪ್ 13700ಎಚ್‌ಗೆ 80-90 ವ್ಯಾಟ್ ಬಿಟ್ಟುಕೊಟ್ಟರೆ ಅಂಥ ಡಬ್ಬಿಯನ್ನು ಹಿಂದೆ ಹಾಕಿದರೂ ಆಶ್ಚರ್ಯವಿಲ್ಲ. ಇನ್ನೊಂದು, ಎರಡೂ ಕಡೆ ರ್‍ಯಾಮ್ ಎರಡು ಚಾನೆಲ್‌ನಲ್ಲಿದೆಯೇ ನೋಡಿ. ಸಿನಿಬೆಂಚ್‌ಗೆ ಅದು ಲೆಕ್ಕಕ್ಕಿಲ್ಲ, ಫೈಲ್ ಕಂಪ್ರೆಷನ್‌ಗೆ ಲೆಕ್ಕಕ್ಕಿದೆ.

ಎಎಂಡಿ ಕಡೆ ಹೋದರೆ 7000 ಸರಣಿಯ ಲ್ಯಾಪ್‌ಟಾಪ್ ಚಿಪ್‌ಗಳಲ್ಲಿ ಮೂರನೇ ಅಂಕಿ ನೋಡಿ, ಜೆನ್ ಎಂಬ ಕೋರ್ ವಿನ್ಯಾಸದ ಎಷ್ಟನೇ ತಲೆಮಾರು ಅಂತ ಅದು ಹೇಳುತ್ತದೆ: 7840ಎಚ್‌ಎಸ್ ಜೆನ್ 4, 7730ಯು ಜೆನ್ 3, 7520ಯು ಜೆನ್ 2. ಡೆಸ್ಕ್‌ಟಾಪ್ 7700 ಮತ್ತು 7840ಎಚ್‌ಎಸ್ ಎರಡೂ 8 ಕೋರ್ ಜೆನ್ 4, ಆದರೆ ಎಲ್3 ಕ್ಯಾಶ್ 32 ಎಂಬಿ, 16 ಎಂಬಿ. ಗೇಮ್‌ಗಳಲ್ಲಿ ಇದು ಎದ್ದು ಕಾಣುತ್ತದೆ.

ಬಿಲ್ಡ್‌ಗೆ_ಕಾಯುವವ:
ಚಾರ್ಜರ್ ವಿಷಯ ತಲೆಗೇ ಬಂದಿರಲಿಲ್ಲ, ಥ್ಯಾಂಕ್ಸ್. ಹಾಗಾದರೆ ಎಚ್‌ಎಕ್ಸ್ ಚಿಪ್ ಇರೋ ಲ್ಯಾಪ್‌ಟಾಪ್ ತಗೊಂಡರೆ ಡೆಸ್ಕ್‌ಟಾಪಿನ ಕೆಲಸ ಆಗುತ್ತಾ?

ವ್ಯಾಟ್‌ಲೆಕ್ಕ:
ಬಹಳ ಮಟ್ಟಿಗೆ. ಎಚ್‌ಎಕ್ಸ್ ಅಂದರೆ ಡೆಸ್ಕ್‌ಟಾಪ್ ಸಿಲಿಕಾನನ್ನೇ ಲ್ಯಾಪ್‌ಟಾಪ್ ಪ್ಯಾಕೇಜಿನಲ್ಲಿ ಕೂರಿಸಿದ್ದು. ಐ9-13980ಎಚ್‌ಎಕ್ಸ್‌ನಲ್ಲಿ 8 ಪಿ, 16 ಇ-ಕೋರ್, ಮೂಲ 55 ವ್ಯಾಟ್, ಗರಿಷ್ಠ 157. ಆದರೆ ಗ್ರಾಫಿಕ್ಸ್ ಕಾರ್ಡೂ ಸೇರಿ ದುಡಿಯುವಾಗ ಹೀಟ್‌ಪೈಪ್ ಇಬ್ಬರಿಗೂ ಒಂದೇ, ಪ್ರೊಸೆಸರ್ ಪಾಲು ತಟ್ಟನೆ ಇಳಿಯುತ್ತದೆ. ಕೊಳ್ಳುವ ಮುಂಚೆ ಎರಡೂ ಒಟ್ಟಿಗೆ ಓಡಿದಾಗ ಪ್ರೊಸೆಸರಿಗೆ ಎಷ್ಟು ವ್ಯಾಟ್ ಉಳಿಯುತ್ತದೆ ಅಂತ ಆ ಮಾದರಿಯ ವಿಮರ್ಶೆಗಳಲ್ಲಿ ಹುಡುಕಿ.