ಸಹಾಯ ಬೇಕು: ಬಲಗೈ ಹಚ್ಚೆ ಮತ್ತು ವೈದ್ಯಕೀಯ ಪರೀಕ್ಷೆ

ಮಾನ್ಯ ಸದಸ್ಯರಿಗೆ ನಮಸ್ಕಾರ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೆಬಲ್ ಹುದ್ದೆಗೆ ಸಿದ್ಧತೆ ನಡೆಸುತ್ತಿರುವ ನನ್ನ ತಮ್ಮನ ಬಲ ಮುಂಗೈಯಲ್ಲಿ ಅಮ್ಮನ ಹೆಸರಿನ ಹಚ್ಚೆಯಿದೆ. ಹೆಸರಿನ ಹಚ್ಚೆಗೆ ಅವಕಾಶವಿದ್ದರೂ, ಅದು ಸೆಲ್ಯೂಟ್ ಹೊಡೆಯದ ಎಡ ಮುಂಗೈಯ ಒಳಭಾಗದಲ್ಲಿ ಅಥವಾ ಅಂಗೈಯ ಹಿಂಬದಿಯಲ್ಲಿದ್ದು, ಆ ಭಾಗದ ಕಾಲು ಪಾಲಿಗಿಂತ ಚಿಕ್ಕದಾಗಿರಬೇಕೆಂಬ ನಿಯಮವಿರುವುದರಿಂದ, ಲೇಸರ್‌ನಿಂದ ತೆಗೆಸಲು ಯೋಚಿಸಿದ್ದೇವೆ. ಕೊರವಂಜಿಯಿಂದ ಮೊಣಕೈವರೆಗೂ ಹಚ್ಚೆ ಹಾಕಿಸಿಕೊಂಡಿದ್ದ ನಮ್ಮ ಅಜ್ಜಿಯನ್ನು ಊರಿನಲ್ಲಿ ಯಾರೂ ಹೀಗಳೆಯಲಿಲ್ಲ. ಮೊಮ್ಮಗನನ್ನು ಮಾತ್ರ ನೆಂಟರೇ ಪೋಲಿ ಎನ್ನುತ್ತಿರುವುದರಿಂದ ಅವನು ಬಹಳ ಕುಗ್ಗಿದ್ದಾನೆ.

ವಾರಗಟ್ಟಲೆ ಅಂತರ ಬಿಟ್ಟು ಹಲವು ಬಾರಿ ಮಾಡಿಸಬೇಕಾದ ಈ ಚಿಕಿತ್ಸೆಯ ನಂತರವೂ ಉಳಿಯಬಹುದಾದ ಮಾಸಲು ಗುರುತಿಗೆ ವೈದ್ಯಾಧಿಕಾರಿಗಳು ಆಕ್ಷೇಪಿಸುತ್ತಾರೆಯೇ, ಪರೀಕ್ಷೆಗೆ ಎಷ್ಟು ತಿಂಗಳು ಮೊದಲೇ ಆರಂಭಿಸಬೇಕು ಎಂಬುದನ್ನು ಸ್ವಂತ ಅನುಭವವಿದ್ದವರು ದಯವಿಟ್ಟು ತಿಳಿಸಬೇಕಾಗಿ ವಿನಂತಿ.